ಒರೆ ಇರುವುದು ಪ್ರಯಾಣಕ್ಕೆ, ವಾಸಕ್ಕಲ್ಲ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪಠ್ಯ. ಬರೆದು ಕೊಡಿ ಎಂದು ಅನೇಕ ಕೇಳುಗರು ಕೇಳಿದ್ದರಿಂದ ಇಲ್ಲಿ ಪ್ರಕಟಿಸಿದ್ದೇವೆ.)



ಕಳೆದ ತಿಂಗಳು ನಮ್ಮ ವಿಭಾಗಕ್ಕೆ ಒಂದು ಪತ್ರ ಬಂತು. ಡೊಂಬಿವಿಲಿಯಿಂದ ಒಬ್ಬ ಹಿರಿಯ ತಾಯಿ ಬರೆದದ್ದು. ತವರು ಧಾರವಾಡದ ಕಡೆ. ಪತಿ ರೈಲ್ವೆಯಲ್ಲಿದ್ದವರು, ಈಗಿಲ್ಲ. ಅವರಿಗೆ ಹೋದ ಊರಿನಿಂದೆಲ್ಲ ಒಂದೊಂದು ಚೂರಿ ತರುವ ಹವ್ಯಾಸ. ಡಾರ್ಜಿಲಿಂಗ್‌ನಿಂದ ಖುಕ್ರಿ, ಅಸ್ಸಾಮಿನಿಂದ ದಾವ್, ಉದಯಪುರದಿಂದ ಕಠಾರಿ, ಕೇರಳದಿಂದ ಮಲಪ್ಪುರಂ ಕತ್ತಿ, ಮಡಿಕೇರಿಯಿಂದ ಪೀಚೆಕತ್ತಿ. ಇವುಗಳ ಜೊತೆಗೆ ಊರಿನ ಹೊಲಮನೆಯ ಒಂದು ಹಳೆಯ ಕುಡುಗೋಲು. ಎಲ್ಲವೂ ಒಂದು ಹಳೆಯ ಸೀರೆಯಲ್ಲಿ ಸುತ್ತಿ ಬೀರುವಿನಲ್ಲಿ ಬಿದ್ದಿವೆ. "ತಮ್ಮಾ, ಇವನ್ನ ಇಟ್ಟುಕೊಳ್ಳೋದು ಹೆಂಗ ಅಂತ ಗೊತ್ತಾಗವಲ್ದು. ಗುಜರಿಯವಗ ಕೊಟ್ಟುಬಿಡಲೇನು?" ಎಂದು ಅವರ ಪ್ರಶ್ನೆ.

ಪತ್ರ ಓದಿದ ದಿನ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಏಕೆಂದರೆ ನಾನೂ ಒಂದು ಕತ್ತಿಯನ್ನು ಬೀರುವಿನಲ್ಲಿಟ್ಟು ಮರೆತವನೇ. ಆ ತಾಯಿಗೆ ಉತ್ತರ ಹೇಳುವ ಮೊದಲು ನನ್ನ ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುವುದು ನ್ಯಾಯ.

ನಾನು ಕೊಡಗಿನವನು. 2016ರಲ್ಲಿ ಮುಂಬಯಿಗೆ ಹೊರಟಾಗ ಅಪ್ಪ ನಮ್ಮ ತಾತನ ಪೀಚೆಕತ್ತಿಯನ್ನು ನನ್ನ ಕೈಗಿತ್ತರು. ಕೊಡಗು ನೋಡದವರಿಗಾಗಿ ಒಂದು ಮಾತು. ಕೊಡವರು ಕುಪ್ಯ ತೊಟ್ಟು, ನಡುವಿಗೆ ಚೇಲೆ ಕಟ್ಟಿ, ಅದರ ಮುಂಭಾಗದಲ್ಲಿ ಸಿಕ್ಕಿಸಿಕೊಳ್ಳುವ ಗೇಣುದ್ದದ ಚೂರಿಯೇ ಪೀಚೆಕತ್ತಿ. ಹಿಡಿಯ ತುದಿ ಗಿಳಿಯ ತಲೆಯಂತೆ ಬಾಗಿರುತ್ತದೆ. ಒರೆಯೊಳಗೆ ಮರ, ಮೇಲೆ ಬೆಳ್ಳಿಯ ಅಥವಾ ಹಿತ್ತಾಳೆಯ ಕಟ್ಟು. ಒರೆಗೆ ಜೋಡಿಸಿದ ಸರಪಳಿಯಲ್ಲಿ ಚಿಮಟ, ಕಿವಿಗುಗ್ಗೆ ತೆಗೆಯುವ ಕಡ್ಡಿಯಂಥ ಪುಟ್ಟ ಸಲಕರಣೆಗಳು ತೂಗುತ್ತವೆ. ಮದುವೆಯ ದಿನ ಬಿಳಿ ಕುಪ್ಯದ ಮದುಮಗನ ನಡುವಿನಲ್ಲಿ ಅದು ಇರಲೇಬೇಕು.

ಬಾಡಿಗೆ ಮನೆಗೆ ಬಂದವನೇ ನಾನು ಮಾಡಿದ ಕೆಲಸವೇನು ಗೊತ್ತೆ? ಅಲಗಿಗೆ ಧಾರಾಳವಾಗಿ ಕೊಬ್ಬರಿ ಎಣ್ಣೆ ಸವರಿದೆ. ಒರೆಗೆ ತುರುಕಿದೆ. ಉಣ್ಣೆಯ ಶಾಲಿನಲ್ಲಿ ಸುತ್ತಿದೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿದು ಕಬ್ಬಿಣದ ಬೀರುವಿನ ತಳದಲ್ಲಿಟ್ಟೆ. ಇಷ್ಟು ಜೋಪಾನ ಮಾಡಿದೆನಲ್ಲ ಎಂದು ಹೆಮ್ಮೆಯೂ ಪಟ್ಟೆ. ಆರು ಮಳೆಗಾಲ ಕಳೆದವು. 2022ರಲ್ಲಿ ತಮ್ಮನ ಮದುವೆ ಗೊತ್ತಾಯಿತು. ಮದುವೆಗೆ ಎರಡು ದಿನ ಮೊದಲು ಊರಿನಲ್ಲಿ ಚೀಲ ಬಿಚ್ಚಿದರೆ ಬೆಳ್ಳಿಯೆಲ್ಲ ಕಪ್ಪಿಟ್ಟಿತ್ತು, ಹಿತ್ತಾಳೆ ಕಟ್ಟಿನ ಸಂದಿಯಲ್ಲಿ ಹಸಿರು ಕಿಲುಬು. ಹಿಡಿ ಹಿಡಿದು ಎಳೆದೆ. ಕತ್ತಿ ಹೊರಗೆ ಬರಲಿಲ್ಲ. ಅಲಗು ತುಕ್ಕು ಹಿಡಿದು ಒರೆಯ ಮರಕ್ಕೇ ಅಂಟಿಕೊಂಡಿತ್ತು.

ತಮ್ಮ ದೊಡ್ಡಪ್ಪನ ಪೀಚೆಕತ್ತಿ ಸಿಕ್ಕಿಸಿಕೊಂಡು ಮದುವೆಯಾದ. ಅಪ್ಪ ಮದುವೆ ಮುಗಿಯುವವರೆಗೂ ಏನೂ ಅನ್ನಲಿಲ್ಲ. ನಾನು ಮುಂಬಯಿಗೆ ಹೊರಡುವ ದಿನ ಬಸ್ಸಿನ ಹತ್ತಿರ ಬಂದು ಒಂದೇ ಮಾತು ಹೇಳಿದರು: "ಕತ್ತಿ ಕೊಟ್ಟದ್ದು ನಿನ್ನ ಕೈಗೆ ಮಗಾ, ಬೀರುವಿನ ಕೈಗಲ್ಲ."

ಆ ಮಾತು ಇಂದಿಗೂ ಕಿವಿಯಲ್ಲಿದೆ. ಇವತ್ತಿನ ನನ್ನ ಮಾತಿಗೂ ಅದೇ ಮೂಲ.

ಈಗ ಒಂದು ಸೋಜಿಗದ ಸಂಗತಿ ಕೇಳಿ. ನಮ್ಮ ಐನ್‌ಮನೆಯಲ್ಲಿ ಒಂದು ಒಡಿಕತ್ತಿಯೂ ಇದೆ. ಒಡಿಕತ್ತಿ ಎಂದರೆ ಮುಂದಕ್ಕೆ ಬಾಗಿದ, ತುದಿಯ ಕಡೆ ಅಗಲವಾಗುತ್ತ ಹೋಗುವ ಭಾರದ ಕತ್ತಿ. ಹಿಂದಿನ ಕಾಲದಲ್ಲಿ ಯುದ್ಧದ ಆಯುಧ. ಈಗ ಮದುವೆಯಲ್ಲಿ ಬಾಳೆಯ ದಿಂಡು ಕಡಿಯುವಾಗ ಕಾಣುತ್ತೀರಿ. ಈ ಕತ್ತಿಗೆ ಒರೆಯೇ ಇಲ್ಲ. ಬೆನ್ನಿನ ಹಿಂದೆ ತೊಡಂಗ್ ಎಂಬ ಹಿತ್ತಾಳೆಯ ಕೊಂಡಿಯಲ್ಲಿ ಬರಿಯ ಅಲಗನ್ನೇ ಸಿಕ್ಕಿಸಿಕೊಳ್ಳುವುದು ಪದ್ಧತಿ. ಪೀಚೆಕತ್ತಿಗೆ ಬೆಳ್ಳಿಯ ಒರೆ, ಶಾಲು, ಚೀಲ, ಬೀರು, ಬೀಗ ಎಲ್ಲವೂ ಇದ್ದವು. ಒಡಿಕತ್ತಿಗೆ ಗೋಡೆಯ ಮೇಲೆ ಎರಡು ಮರದ ಗೂಟ ಮಾತ್ರ. ಕೆಟ್ಟದ್ದು ಪೀಚೆಕತ್ತಿ. ಒಡಿಕತ್ತಿ ಚೆನ್ನಾಗಿಯೇ ಇದೆ.

ಕೊಡಗಿನಲ್ಲಿ ಮಳೆಯೇ ಇಲ್ಲವೇ ಎಂದು ನೀವು ಕೇಳಬಹುದು. ಮುಂಬಯಿಗೆ ಸರಿಗಟ್ಟುವ, ಕೆಲವು ಕಡೆ ಅದನ್ನೂ ಮೀರಿಸುವ ಮಳೆ ಅಲ್ಲಿದೆ. ಆದರೆ ಒಡಿಕತ್ತಿ ದಿನವೂ ಕಣ್ಣಿಗೆ ಬೀಳುತ್ತದೆ. ಒಂದು ಚುಕ್ಕಿ ತುಕ್ಕು ಕಂಡರೆ ಅದೇ ದಿನ ಯಾರಾದರೂ ಒರೆಸುತ್ತಾರೆ. ಸುತ್ತಲೂ ಗಾಳಿ ಆಡುತ್ತದೆ, ಒದ್ದೆಯಾದರೂ ಬೇಗ ಆರುತ್ತದೆ. ಮುಚ್ಚಿಟ್ಟ ಪೀಚೆಕತ್ತಿಯ ಮೇಲೆ ಏನಾಗುತ್ತಿದೆ ಎಂದು ಯಾರಿಗೂ ತಿಳಿಯುವುದಿಲ್ಲ. ಇದನ್ನು ನನಗೆ ಬಿಡಿಸಿ ಹೇಳಿದವರು ದೊಡ್ಡಪ್ಪ. "ಒರೆ ಇರುವುದು ಪ್ರಯಾಣಕ್ಕೆ, ವಾಸಕ್ಕಲ್ಲ" ಎಂಬುದು ಅವರದೇ ಮಾತು.

ಇದರ ಹಿಂದಿನ ಕಾರಣ ಸರಳ. ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಮತ್ತು ಗಾಳಿ ಎರಡೂ ಬೇಕು. ಗಾಳಿಯ ಆರ್ದ್ರತೆ ಶೇಕಡಾ 60ನ್ನು ದಾಟಿತೆಂದರೆ ತುಕ್ಕಿನ ವೇಗ ಜೋರಾಗುತ್ತದೆ. ಜುಲೈ ತಿಂಗಳಲ್ಲಿ ಮುಂಬಯಿಯಲ್ಲಿ ಶೇಕಡಾ 80 ದಾಟುವುದು ದಿನನಿತ್ಯದ ಮಾತು. ಜೊತೆಗೆ ಸಮುದ್ರದ ಗಾಳಿಯಲ್ಲಿ ಉಪ್ಪಿದೆ. ಉಪ್ಪು ತೇವವನ್ನು ಎಳೆದುಕೊಳ್ಳುತ್ತದೆ. ನಮ್ಮ ಬೆರಳಿನ ಬೆವರಿನಲ್ಲಿಯೂ ಉಪ್ಪಿದೆ. ಅದಕ್ಕೇ ಅಲಗನ್ನು ಬರಿಗೈಯಲ್ಲಿ ಮುಟ್ಟಿ ಹಾಗೆಯೇ ಇಟ್ಟರೆ ಕೆಲವು ದಿನಗಳಲ್ಲಿ ನಿಮ್ಮ ಬೆರಳಚ್ಚೇ ತುಕ್ಕಿನಲ್ಲಿ ಮೂಡಿ ನಿಲ್ಲುತ್ತದೆ.

ಒರೆಯ ವಿಷಯಕ್ಕೆ ಬಂದರೆ, ಮರ ತೇವವನ್ನು ಹೀರುತ್ತದೆ, ಉಬ್ಬುತ್ತದೆ, ಅಲಗನ್ನು ಅಪ್ಪಿಕೊಳ್ಳುತ್ತದೆ. ಚರ್ಮದ ಒರೆ ಇನ್ನೂ ಅಪಾಯ. ಚರ್ಮವನ್ನು ಹದಮಾಡಲು ಬಳಸಿದ ಒಗರು ಮತ್ತು ಲವಣಗಳು ಅದರಲ್ಲಿಯೇ ಉಳಿದಿರುತ್ತವೆ. ತೇವ ತಾಕಿದೊಡನೆ ಅವು ಕಬ್ಬಿಣವನ್ನು ತಿನ್ನಲು ಶುರುಮಾಡುತ್ತವೆ. ಹಿತ್ತಾಳೆಯ ಗುಂಡಿಗಳ ಸುತ್ತ ಹಸಿರು ಮೇಣದಂಥದ್ದು ಕಂಡರೆ ಅದೂ ಚರ್ಮದ ಜಿಡ್ಡು ಮತ್ತು ಹಿತ್ತಾಳೆಯ ಜಗಳದ ಫಲವೇ. ಹೀಗಾಗಿ ಖುಕ್ರಿಯಂಥ ಚರ್ಮದ ಒರೆಯ ಚೂರಿಗಳನ್ನು ಒರೆಯಿಂದ ಹೊರಗಿಡುವುದೇ ಕ್ಷೇಮ. ಖುಕ್ರಿಯ ಒರೆಯ ಹಿಂಬದಿಯಲ್ಲಿ ಎರಡು ಪುಟ್ಟ ಚೂರಿಗಳಿರುತ್ತವೆ. ಒಂದು ಸಣ್ಣಪುಟ್ಟ ಕೆಲಸಕ್ಕೆ, ಇನ್ನೊಂದು ಮೊಂಡಾದದ್ದು, ಅಂಚು ನಯ ಮಾಡಲು. ಅವನ್ನೂ ಮರೆಯದೆ ಹೊರಗೆ ತೆಗೆಯಿರಿ. ದೊಡ್ಡದನ್ನು ಒರೆಸಿ ಚಿಕ್ಕದನ್ನು ಮರೆಯುವುದು ಎಲ್ಲರೂ ಮಾಡುವ ತಪ್ಪು.

ನಾನು ಮಾಡಿದ ಇನ್ನೆರಡು ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಕೊಬ್ಬರಿ ಎಣ್ಣೆ ಕಾಲಾನಂತರದಲ್ಲಿ ಹಳಸಿ ಹುಳಿಯಾಗುತ್ತದೆ. ಆ ಹುಳಿ ಹಿತ್ತಾಳೆ, ತಾಮ್ರಗಳನ್ನು ಹಸಿರಾಗಿಸುತ್ತದೆ. ಕಡಲೆಕಾಯಿ ಎಣ್ಣೆಯಾದರೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಅಡುಗೆಮನೆಯ ಯಾವ ಎಣ್ಣೆಯೂ ಸಂಗ್ರಹದ ಕತ್ತಿಗೆ ಬೇಡ. ಇನ್ನು ಉಣ್ಣೆ. ಉಣ್ಣೆಯಲ್ಲಿ ಗಂಧಕದ ಅಂಶವಿದೆ, ರಬ್ಬರ್ ಬ್ಯಾಂಡಿನಲ್ಲಿಯೂ ಇದೆ. ಬೆಳ್ಳಿ ಕಪ್ಪಾಗುವುದು ಆ ಗಂಧಕದಿಂದ. ಶಾಲಿನಲ್ಲಿ ಸುತ್ತಿ ನಾನೇ ಬೆಳ್ಳಿಯ ಮುಖಕ್ಕೆ ಮಸಿ ಬಳಿದಂತಾಯಿತು.

ಹಾಗಾದರೆ ಮಾಡಬೇಕಾದದ್ದೇನು? ಪೆನ್ನು ಹಾಳೆ ಇದ್ದರೆ ಗುರುತು ಹಾಕಿಕೊಳ್ಳಿ.

ಮೊದಲ ಕೆಲಸ, ಒರೆಯಿಂದ ಹೊರತೆಗೆಯುವುದು. ಸಲೀಸಾಗಿ ಬಂದರೆ ಸರಿ. ಬಾರದಿದ್ದರೆ ಜಗ್ಗಬೇಡಿ, ಸುತ್ತಿಗೆಯಿಂದ ತಟ್ಟಬೇಡಿ, ನೀರಿನಲ್ಲಿ ನೆನೆಸಬೇಡಿ. ಒರೆಯನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದು ಎಳೆಯುವಾಗ ಹಳೆಯ ಮರ ಸೀಳಿ ಅಲಗು ಅಂಗೈಯನ್ನೇ ಕುಯ್ಯಬಹುದು. ಮಳೆಗಾಲ ಮುಗಿದ ಮೇಲೆ ಒಣಗಿದ, ಗಾಳಿಯಾಡುವ ಕೋಣೆಯಲ್ಲಿ, ಬಿಸಿಲು ಬೀಳದ ಕಡೆ ಕೆಲವು ವಾರ ಬಿಡಿ. ಮರ ನಿಧಾನವಾಗಿ ಆರಿ ಹಿಡಿತ ಸಡಿಲಿಸುತ್ತದೆ. ನಮ್ಮ ಪೀಚೆಕತ್ತಿಯನ್ನು ದೊಡ್ಡಪ್ಪ ಹೀಗೆಯೇ ತಿಂಗಳುಗಟ್ಟಲೆ ಇಟ್ಟರು. ಮುಂದಿನ ಬೇಸಿಗೆಯಲ್ಲಿ ಅದು ತಾನಾಗಿಯೇ ಬಂತು.

ಎರಡನೆಯದು ತುಕ್ಕು. ತುಕ್ಕಿನಲ್ಲಿ ಎರಡು ಬಗೆ. ಕೆಂಪಗೆ, ಪುಡಿಪುಡಿಯಾಗಿ ಕೈಗೆ ಹತ್ತುವುದು ಜೀವಂತ ತುಕ್ಕು. ಇದು ಬೆಳೆಯುತ್ತಲೇ ಇರುತ್ತದೆ, ತೆಗೆಯಲೇಬೇಕು. ನುಣ್ಣಗೆ, ಕಪ್ಪಗೆ, ಲೋಹಕ್ಕೆ ಬಿಗಿಯಾಗಿ ಕೂತದ್ದು ಹಳತನದ ಬಣ್ಣ. ಅದು ಅಲಗನ್ನು ಕಾಯುತ್ತದೆ, ಹಾಗೆಯೇ ಬಿಡಿ. ಉಪ್ಪುಕಾಗದದಿಂದ ಉಜ್ಜಿ ಕನ್ನಡಿಯಂತೆ ಮಾಡುವ ಆಸೆ ಬೇಡ. ನಿಂಬೆಹಣ್ಣು, ಹುಣಸೆಹಣ್ಣು ದೇವರ ಪಾತ್ರೆಗೆ ಸರಿ, ಹಳೆಯ ಉಕ್ಕಿಗಲ್ಲ. ಹುಳಿ ತುಕ್ಕಿನ ಜೊತೆಗೆ ಉಕ್ಕಿನ ಮೈಯನ್ನೂ ತಿನ್ನುತ್ತದೆ. ಹೊಲಿಗೆ ಯಂತ್ರಕ್ಕೆ ಹಾಕುವ ತೆಳು ಎಣ್ಣೆಯನ್ನು ಸವರಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹತ್ತಿಬಟ್ಟೆಯಿಂದ, ಮೊಂಡು ಕಲೆ ಇದ್ದಲ್ಲಿ ಬಿದಿರಿನ ಚಕ್ಕೆಯಿಂದ ಮೆಲ್ಲಗೆ ಕೆರೆದು ಒರೆಸಿ. ಒಂದೇ ದಿನದಲ್ಲಿ ಮುಗಿಯಲಿಲ್ಲವೇ? ನಾಲ್ಕು ದಿನ ಮಾಡಿ. ಒರೆಸುವಾಗ ಬಟ್ಟೆ ಅಲಗಿನ ಬೆನ್ನಿನ ಕಡೆಯಿಂದ ಬರಲಿ, ಬಾಯಿಯ ಕಡೆಯಿಂದ ಬೇಡ. ಕತ್ತಿ ಜಾರಿ ಬಿದ್ದರೆ ಹಿಡಿಯಲು ಹೋಗಬೇಡಿ, ಬೀಳಲು ಬಿಟ್ಟು ಕಾಲು ಹಿಂದೆ ತೆಗೆಯಿರಿ.

ಮೂರನೆಯದು ರಕ್ಷಣೆ. ಅದೇ ಹೊಲಿಗೆ ಯಂತ್ರದ ಎಣ್ಣೆಯ ಒಂದೆರಡು ಹನಿ ಬಟ್ಟೆಗೆ ಹಾಕಿ ಅಲಗಿಗೆ ಸವರಿ. ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಸಾಕು. ಸುರಿಯುವಷ್ಟು ಹಾಕಿದರೆ ಅದು ಇಳಿದು ಹಿಡಿಯೊಳಗೆ ಸೇರುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಎಣ್ಣೆಯ ಬದಲು ಮೈಕ್ರೋಕ್ರಿಸ್ಟಲೈನ್ ಮೇಣ ಬಳಸುವುದುಂಟು. ಅದು ಧೂಳು ಹಿಡಿಯುವುದಿಲ್ಲ, ಪ್ರದರ್ಶನಕ್ಕಿಟ್ಟ ಅಲಗಿಗೆ ಒಳ್ಳೆಯದು. ಹಿಡಿ ದಂತ, ಕೊಂಬು, ಮೂಳೆಯದ್ದಾದರೆ ಎಣ್ಣೆ ತಾಕಿಸಬೇಡಿ, ಕಲೆಯಾಗುತ್ತದೆ.

ನಾಲ್ಕನೆಯದು ಇಡುವ ರೀತಿ. ಪ್ರತಿ ಅಲಗಿಗೂ ಚೆನ್ನಾಗಿ ಒಗೆದು ಒಣಗಿಸಿದ ಬಿಳಿಯ ಹತ್ತಿಬಟ್ಟೆ. ಒಂದರ ಮೈ ಇನ್ನೊಂದಕ್ಕೆ ತಾಕಬಾರದು. ತುದಿಗೆ ದಪ್ಪ ಬಟ್ಟೆಯ ಟೊಪ್ಪಿಗೆ. ಮುಚ್ಚಳವಿರುವ ಪಾಲಿಥೀನ್ ಡಬ್ಬಿ ಒಳ್ಳೆಯದು, ಪಿವಿಸಿ ಬೇಡ. ಪಿವಿಸಿ ಹಳೆಯದಾದಂತೆ ಲೋಹಕ್ಕೆ ಆಗದ ಹುಳಿ ಆವಿಯನ್ನು ಬಿಡುತ್ತದೆ. ಹೊಸ ಪ್ಲೈವುಡ್ಡಿನ ಪೆಟ್ಟಿಗೆಯ ಘಾಟು ವಾಸನೆಯೂ ಅದೇ ಜಾತಿಯದು. ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಬಣ್ಣ ಬದಲಿಸುವ ಬಗೆಯದಾದರೆ ತೇವ ಹೀರಿ ದಣಿದದ್ದು ಕಣ್ಣಿಗೇ ಕಾಣುತ್ತದೆ, ಮಂದ ಉರಿಯ ಓವನ್ನಿನಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಮಕ್ಕಳ ಬಾಯಿಗೆ ಸಿಗದಂತೆ ಎಚ್ಚರ. ಒಂದು ಮಾತು ನೆನಪಿರಲಿ: ಒದ್ದೆ ಗಾಳಿಯ ದಿನ ಡಬ್ಬಿ ಮುಚ್ಚಿದರೆ ಒದ್ದೆ ಗಾಳಿಯನ್ನೇ ಒಳಗೆ ಕೂಡಿಹಾಕಿದಂತೆ. ಒರೆಗಳನ್ನು ಎಸೆಯಬೇಡಿ. ಅವುಗಳಿಗೆ ಬೇರೆ ಡಬ್ಬಿ. ಅಲಗಿಗೂ ಒರೆಗೂ ಒಂದೇ ಅಂಕಿಯ ಚೀಟಿ ದಾರದಲ್ಲಿ ಕಟ್ಟಿದರೆ ಜೋಡಿ ತಪ್ಪುವುದಿಲ್ಲ.

ಐದನೆಯದು ಕಾಲ. ಇಲ್ಲಿ ನಮ್ಮ ಹಿರಿಯರ ಬುದ್ಧಿ ನೋಡಿ. ಕೊಡಗಿನಲ್ಲಿ ಕೈಲ್ ಮುಹೂರ್ತ ಬರುವುದು ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು. ಗದ್ದೆಯ ನಾಟಿ ಮುಗಿದು ಮಳೆ ಇಳಿಮುಖವಾಗುವ ಸಮಯ. ಅಂದು ಮನೆಯ ಕತ್ತಿ, ಕೋವಿ ಎಲ್ಲವನ್ನೂ ತೊಳೆದು ಒರೆಸಿ ಒಂದೆಡೆ ಸಾಲಾಗಿ ಇಟ್ಟು, ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ತೋಕ್ ಎಂದರೆ ಕೋವಿ. ಬೆಂಕಿಯ ನಾಲಗೆಯಂಥ ಕೆಂಪು ಹಳದಿ ಎಸಳಿನ ಆ ಹೂವನ್ನು ಉಳಿದ ಕನ್ನಡಿಗರು ಅಗ್ನಿಶಿಖೆ, ಗೌರಿಹೂ ಎನ್ನುತ್ತೀರಿ. ಪೂಜೆಯ ಮೇಲೆ ಕಡಂಬಿಟ್ಟು, ಪಂದಿಕರಿಯ ಊಟ. ಉಳಿದ ಕರ್ನಾಟಕಕ್ಕೆ ಮಹಾನವಮಿಯ ಆಯುಧಪೂಜೆ ಇದೆ. ಅದೂ ಮಳೆಗಾಲದ ಬೆನ್ನಿಗೇ ಬರುತ್ತದೆ. ಅಂದು ಈಳಿಗೆ ಮಣೆ, ಮಚ್ಚು, ಕುಡುಗೋಲುಗಳೆಲ್ಲ ಮಿರಿಮಿರಿ ಮಿಂಚುತ್ತವೆ. ಭಕ್ತಿ ಇರಲಿ, ಅದು ಬೇರೆ ಮಾತು. ಆದರೆ ತೇವದ ತಿಂಗಳುಗಳು ಕಳೆದೊಡನೆ ಪ್ರತಿ ಅಲಗೂ ವರ್ಷಕ್ಕೊಮ್ಮೆ ತಪ್ಪದೆ ಮನುಷ್ಯನ ಕೈಗೆ ಬರುವಂತೆ ಮಾಡುವ ಏರ್ಪಾಡೂ ಇದರಲ್ಲಿದೆ. ಪಂಚಾಂಗವೇ ನಮಗೆ ನೆನಪೋಲೆ ಕಳಿಸುತ್ತಿದೆ.

ಪೂಜೆ ಮಾಡುವವರಿಗೆ ಒಂದು ಕಿವಿಮಾತು. ಗಂಧ, ಅರಿಸಿನ, ಕುಂಕುಮಗಳನ್ನು ಅಲಗಿಗೆ ಹಚ್ಚದೆ ಹಿಡಿಯ ಮೇಲೆ ಅಥವಾ ಕೆಳಗಿನ ಮಣೆಗೆ ಇಡಿ. ಅಲಗಿನ ಮೇಲೆ ಹಚ್ಚಲೇಬೇಕೆಂಬ ಪದ್ಧತಿ ಇದ್ದರೆ ಸಂಜೆಯೊಳಗೆ ಒರೆಸಿ ಎಣ್ಣೆ ಸವರಿ. ನಿಂಬೆಹಣ್ಣಿನ ಹೋಳು, ಹೂವಿನ ರಸ ಒಂದು ರಾತ್ರಿ ಉಳಿದರೂ ಕಲೆ ಉಳಿಯುತ್ತದೆ.

ಮುಂಬಯಿಯಲ್ಲಿರುವವರು ವರ್ಷಕ್ಕೆ ಒಂದಲ್ಲ, ಎರಡು ಸಲ ನೋಡಬೇಕು. ಮಳೆಗೆ ಮೊದಲು ಮೇ ಕೊನೆಯಲ್ಲಿ ಒಮ್ಮೆ, ದಸರೆಯ ಹೊತ್ತಿಗೆ ಇನ್ನೊಮ್ಮೆ. ಪುಣೆ, ಹೈದರಾಬಾದಿನವರಿಗೆ ದಸರೆಯದೊಂದು ತಪ್ಪದಿದ್ದರೆ ಬಹುಪಾಲು ಸಾಕು. ಚೆನ್ನೈಯವರಿಗೆ ಹಿಂಗಾರಿನ ಮಳೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಅವರು ಸೆಪ್ಟೆಂಬರಿನಲ್ಲಿ ಎಣ್ಣೆ ಸವರಿ ಜನವರಿಯಲ್ಲಿ ಮತ್ತೆ ಬಿಚ್ಚಿ ನೋಡಲಿ. ದೆಹಲಿಯವರಿಗೆ ಬೇಸಿಗೆಯ ಒಣಹವೆಯೇ ಶತ್ರು. ಅಲ್ಲಿ ಮರದ, ದಂತದ ಹಿಡಿಗಳು ಬಿರಿಯುತ್ತವೆ. ಕೂಲರಿನ ಗಾಳಿ ನೇರವಾಗಿ ಬೀಳುವ ಜಾಗದಲ್ಲಂತೂ ಇಡಬಾರದು.

ಇನ್ನು ಪ್ರದರ್ಶನ. ಇದ್ದ ಮೇಲೆ ನಾಲ್ಕು ಜನ ನೋಡಲಿ ಎಂಬ ಆಸೆ ಸಹಜ, ತಪ್ಪೇನೂ ಇಲ್ಲ. ಕಣ್ಣಿಗೆ ಬೀಳುವ ಕತ್ತಿ ಕೆಡುವುದಿಲ್ಲ ಎಂದು ಒಡಿಕತ್ತಿಯೇ ನಮಗೆ ಹೇಳಿಕೊಟ್ಟಿದೆ. ಆದರೆ ಹೇಗೆ ಇಡಬೇಕೆಂಬುದನ್ನು ಕಲಿಯಲು ನಿಮ್ಮ ನಿಮ್ಮ ಊರಿನಲ್ಲಿಯೇ ಒಳ್ಳೆಯ ಶಾಲೆಗಳಿವೆ. ಮುಂಬಯಿಯಲ್ಲಿ 1922ರಲ್ಲಿ ಜನರಿಗೆ ತೆರೆದ, ಮೊದಲು ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎನಿಸಿದ್ದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯವಿದೆ. ಅಕ್ಬರನ ಎದೆಗವಚವೂ ಗುರಾಣಿಯೂ ಅಲ್ಲಿವೆ. ಪುಣೆಯವರಿಗೆ ರಾಜಾ ದಿನಕರ ಕೇಳ್ಕರ್ ಸಂಗ್ರಹಾಲಯ. ಚೆನ್ನೈಯವರಿಗೆ 1851ರಲ್ಲಿ ಸ್ಥಾಪನೆಯಾದ ಎಗ್ಮೋರಿನ ಸರ್ಕಾರಿ ಮ್ಯೂಸಿಯಂ. ತಂಜಾವೂರಿನ ಆಯುಧಶಾಲೆಯ ಕಠಾರಿಗಳು ಅಲ್ಲಿವೆ. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ 1951ರಿಂದ ಇದೆ. ನೂರ್ ಜಹಾನಳದೆಂದು ಹೆಸರಾದ ಚೂರಿಯನ್ನು ಅಲ್ಲಿ ಕಾಣಬಹುದು. ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯದಲ್ಲಿ ಆಯುಧಗಳದ್ದೇ ಒಂದು ವಿಭಾಗವಿದೆ.

ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ. ರತ್ನ, ಚಿನ್ನದ ಕೆತ್ತನೆಯನ್ನು ಎಲ್ಲರೂ ನೋಡುತ್ತಾರೆ. ನೀವು ಬೇರೆಯದನ್ನು ನೋಡಿ. ಅಲಗು ಒರೆಯಲ್ಲಿದೆಯೋ, ಪಕ್ಕದಲ್ಲಿದೆಯೋ? ಎಷ್ಟು ಕಡೆ ಆಸರೆ ಕೊಟ್ಟಿದ್ದಾರೆ? ತುದಿ ಯಾವ ಕಡೆಗಿದೆ? ಬೆಳಕು ಎಲ್ಲಿಂದ ಬೀಳುತ್ತದೆ? ಚೀಟಿಯಲ್ಲಿ ಏನು ಬರೆದಿದ್ದಾರೆ? ಮನೆಗೆ ಬಂದು ನಿಮ್ಮ ಗೋಡೆ ನೋಡಿದರೆ ಬೇಕಾದ ಪಾಠವೆಲ್ಲ ಹೊಳೆಯುತ್ತದೆ.

ಮನೆಯ ಮಟ್ಟಿಗೆ ಇಷ್ಟು ನೆನಪಿಡಿ. ಮಳೆಗಾಲದಲ್ಲಿ ಒಸರುವ ಹೊರಗೋಡೆ ಬೇಡ. ಅಡುಗೆಮನೆ, ಬಚ್ಚಲಮನೆಗೆ ತಾಗಿದ ಗೋಡೆಯೂ ಬೇಡ. ನೇರ ಬಿಸಿಲು ಬೇಡ. ಅಲಗನ್ನು ಅಡ್ಡಲಾಗಿ, ಎರಡು ಕಡೆ ಬಟ್ಟೆ ಸುತ್ತಿದ ಆಸರೆಯ ಮೇಲೆ ಇಡಿ. ಬಾಯಿ ಗೋಡೆಯ ಕಡೆ, ಬೆನ್ನು ನಮ್ಮ ಕಡೆ. ತುದಿ ಬಾಗಿಲಿನತ್ತ, ಕೂರುವ ಜಾಗದತ್ತ ತಿರುಗಿರಬಾರದು. ಸರಪಳಿಯಿಂದಲೋ ಹಿಡಿಯ ಬಳೆಯಿಂದಲೋ ತೂಗುಹಾಕಬೇಡಿ. ನೂರು ವರ್ಷದ ಕೊಂಡಿ ಯಾವಾಗ ಕಳಚುತ್ತದೆಂದು ಹೇಳುವಂತಿಲ್ಲ. ಕಪ್ಪು ವೆಲ್ವೆಟ್ಟಿನ ಮೇಲೆ ಬೆಳ್ಳಿ ಚೆಂದ ಕಾಣುತ್ತದೆ ನಿಜ, ಆದರೆ ಅದರ ಬಣ್ಣದಲ್ಲಿ ಗಂಧಕವಿರಬಹುದು. ಒಗೆದ ಖಾದಿಬಟ್ಟೆ ಅದಕ್ಕಿಂತ ಉತ್ತಮ. ಮಕ್ಕಳಿರುವ ಮನೆಯಲ್ಲಿ ಗಾಜಿನ ಬಾಗಿಲು, ಅದಕ್ಕೊಂದು ಬೀಗ ಇರಲೇಬೇಕು. ಬೀಗದ ಕೈ ಅಲ್ಲೇ ಮೇಲೆ ಇಟ್ಟರೆ ಬೀಗ ಹಾಕಿದ್ದೂ ಒಂದೇ, ಹಾಕದ್ದೂ ಒಂದೇ. ಗಾಜಿನೊಳಗೆ ಒಂದು ಪುಟ್ಟ ಆರ್ದ್ರತಾ ಮಾಪಕ ಇಟ್ಟರೆ ಇನ್ನೂ ಒಳ್ಳೆಯದು. ಮುಳ್ಳು 50ರ ಕೆಳಗಿದ್ದರೆ ನೀವೂ ನೆಮ್ಮದಿಯಾಗಿ ನಿದ್ದೆ ಮಾಡಬಹುದು.

ಕಾನೂನಿನ ಮಾತನ್ನೂ ಎರಡು ನಿಮಿಷ ಕೇಳಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳನ್ನು ಆಯುಧಗಳ ಸಾಲಿಗೆ ಸೇರಿಸುತ್ತವೆ. ಮನೆಗೆಲಸ, ಬೇಸಾಯ, ಉದ್ಯಮಗಳಿಗೆಂದು ಮಾಡಿದವು ಇದಕ್ಕೆ ಹೊರತು. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಅಂಥ ಆಯುಧ ಇಟ್ಟುಕೊಳ್ಳಲು ಪರವಾನಗಿ ಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು. ಆದರೆ ಅದು ಕೊಡಗಿನ ಮಾತು. ಮುಂಬಯಿಯ ಫ್ಲಾಟಿಗೂ ತಾನಾಗಿ ಅನ್ವಯಿಸುತ್ತದೆಂದು ತಿಳಿಯಬೇಡಿ. ದೊಡ್ಡ ಅಲಗು ನಿಮ್ಮಲ್ಲಿದ್ದರೆ ನಿಮ್ಮ ಠಾಣೆಯಲ್ಲಿ ವಿಚಾರಿಸಿಕೊಳ್ಳಿ. ಮುಂಬಯಿ ಪೊಲೀಸರು ಆಗಾಗ ಸಾರ್ವಜನಿಕ ಸ್ಥಳದಲ್ಲಿ ಕತ್ತಿ, ಚೂರಿ ಒಯ್ಯುವುದನ್ನು ನಿಷೇಧಿಸಿ ಆದೇಶ ಹೊರಡಿಸುತ್ತಾರೆ. ಮದುವೆಗೆಂದು ಒಯ್ಯುವುದಿದ್ದರೂ ಮೊದಲು ಕೇಳುವುದು ಕ್ಷೇಮ. ವಿಮಾನದಲ್ಲಿ ಚೂರಿಯನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ.

ಇನ್ನೆರಡು ಸಂಗತಿ. ಅಲಗು ನೂರು ವರ್ಷಕ್ಕಿಂತ ಹಳೆಯದಾದರೆ 1972ರ ಕಾಯ್ದೆಯ ಪ್ರಕಾರ ಅದು ಪುರಾತನ ವಸ್ತು. ಅಮೆರಿಕದಲ್ಲಿರುವ ಮಗನಿಗೆಂದು ಖಾಸಗಿಯಾಗಿ ಕಳಿಸುವಂತಿಲ್ಲ. ಹಿಡಿ ಆನೆಯ ದಂತದ್ದಾದರೆ ಅದನ್ನು ಮಾರುವಂತಿಲ್ಲ, ವನ್ಯಜೀವಿ ಕಾಯ್ದೆ ಬಿಡುವುದಿಲ್ಲ.

ಕೊನೆಯದಾಗಿ, ಎಣ್ಣೆ, ಬಟ್ಟೆ, ಡಬ್ಬಿಗಳಿಗಿಂತ ಮುಖ್ಯವಾದದ್ದು ಒಂದಿದೆ. ಅದು ಒಂದು ನೋಟ್‌ಬುಕ್ಕು. ಇದು ಯಾರದು, ಎಲ್ಲಿಂದ ಬಂತು, ಯಾವ ವರ್ಷ, ಯಾವಾಗ ಒರೆಸಿದ್ದು ಎಂದು ಅಂಕಿ ಹಾಕಿ ಬರೆಯಿರಿ. ಅಲಗಿನ ಉದ್ದ, ಅಗಲ ಬರೆಯಿರಿ. ಎರಡೂ ಬದಿಯ ಚಿತ್ರ ತೆಗೆದು ಅಂಟಿಸಿ. ತುಕ್ಕು ಹಿಡಿದ ಕತ್ತಿಯನ್ನು ಉಜ್ಜಿ ಉಳಿಸಬಹುದು, ಯಾರದೆಂದು ಮರೆತ ಕತ್ತಿಯನ್ನು ಉಳಿಸುವ ಎಣ್ಣೆ ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ. ನಮ್ಮ ಪೀಚೆಕತ್ತಿಯ ಬಗ್ಗೆ ಅಪ್ಪ ಹೇಳಿದ್ದನ್ನೆಲ್ಲ ಈಗ ಬರೆದಿಟ್ಟಿದ್ದೇನೆ. ಅಲಗಿನ ಮಧ್ಯದಲ್ಲಿ ತುಕ್ಕು ತಿಂದ ಮೂರು ಗುಳಿಗಳಿವೆ. ಅವು ಹೋಗುವುದಿಲ್ಲ. ಅವುಗಳ ಎದುರಿಗೆ "ಇದು ನನ್ನ ಅಜಾಗರೂಕತೆಯಿಂದ" ಎಂದೂ ಬರೆದಿದ್ದೇನೆ. ಮುಂದೆ ಓದುವವರಿಗೆ ಅದೂ ತಿಳಿದಿರಲಿ.

ಕಳೆದ ಸೆಪ್ಟೆಂಬರ್ 3ರಂದು ನಮ್ಮ ಫ್ಲಾಟಿನಲ್ಲಿಯೇ ಕೈಲ್ ಮುಹೂರ್ತ ಮಾಡಿದೆವು. ತೋಕ್ ಪೂ ಸಿಗಲಿಲ್ಲ, ದಾದರಿನಿಂದ ತಂದ ಚೆಂಡುಹೂವೇ ಆಯಿತು. ಆರು ವರ್ಷದ ಮಗಳು ಕತ್ತಿ ಮುಟ್ಟಬೇಕೆಂದು ಹಟ ಹಿಡಿದಳು. ಅಲಗನ್ನು ನಾನು ಹಿಡಿದುಕೊಂಡು, ಒರೆಯ ಬೆಳ್ಳಿ ಸರಪಳಿಯನ್ನು ಒರೆಸುವ ಬಟ್ಟೆಯನ್ನು ಅವಳ ಕೈಗೆ ಕೊಟ್ಟೆ. ಒಂದೊಂದು ಕೊಂಡಿಯನ್ನೂ ಬಿಡದೆ ಅರ್ಧ ಗಂಟೆ ಒರೆಸಿದಳು. ಆ ಚಿತ್ರವನ್ನು ಅಪ್ಪನಿಗೆ ಕಳಿಸಿದೆ. ಅವರು ಫೋನ್ ಮಾಡಿ, "ಮುಂದಿನ ವರ್ಷ ಅವಳನ್ನು ಊರಿಗೇ ಕರೆದುಕೊಂಡು ಬಾ, ಒಡಿಕತ್ತಿಯೂ ಇದೆ" ಎಂದರು.

ಡೊಂಬಿವಿಲಿಯ ತಾಯಿಯವರೇ, ನೀವು ಕೇಳುತ್ತಿದ್ದೀರಿ ಎಂದುಕೊಂಡಿದ್ದೇನೆ. ದಯವಿಟ್ಟು ಗುಜರಿಗೆ ಕೊಡಬೇಡಿ. ಕಠಾರಿ, ದಾವ್‌ಗಳನ್ನು ನೀವೊಬ್ಬರೇ ಬಿಚ್ಚಲು ಹೋಗಬೇಡಿ, ಮಗನೋ ಮೊಮ್ಮಗನೋ ಬರುವ ಭಾನುವಾರ ನೋಡಿ. ಸೀರೆಯ ಗಂಟು ಬಿಚ್ಚಿ, ಒರೆಯಿಂದ ತೆಗೆದು, ಒರೆಸಿ. ಉದ್ದ ಅಗಲ ಅಳೆದು, ದೊಡ್ಡದೇನಾದರೂ ಇದ್ದರೆ ಠಾಣೆಯಲ್ಲಿ ಕೇಳಲು ಅವರಿಗೇ ಹೇಳಿ. ಯಾವುದು ಯಾವ ಊರಿನದು, ಯಜಮಾನರು ಅದನ್ನು ತಂದ ದಿನ ಏನು ಹೇಳಿದ್ದರು ಎಂದು ನೀವು ಹೇಳುತ್ತ ಹೋಗಿ, ಅವರು ಬರೆದುಕೊಳ್ಳಲಿ. ಊರಿನ ಕುಡುಗೋಲಿಗೆ ಮೊದಲ ಅಂಕಿ ಕೊಡಿ. ಆಮೇಲೆ ಯಾವುದನ್ನು ಉಳಿಸಿಕೊಳ್ಳುವುದು, ಯಾವುದನ್ನು ಯಾರಿಗೆ ಕೊಡುವುದು ಎಂದು ನಿಧಾನವಾಗಿ ಯೋಚಿಸಿದರಾಯಿತು.

ಉಳಿದ ಕೇಳುಗರಿಗೂ ಅದೇ ಕೋರಿಕೆ. ಕಾರ್ಯಕ್ರಮ ಮುಗಿದ ಮೇಲೆ ಎದ್ದು ಹೋಗಿ ನಿಮ್ಮ ಬೀರುವಿನ ತಳದಲ್ಲಿ ಏನಿದೆ ಎಂದು ಒಮ್ಮೆ ನೋಡಿ. ಏನು ಸಿಕ್ಕಿತೆಂದು ನಮಗೂ ಬರೆದು ತಿಳಿಸಿ.